ಐದು ತಾಲೂಕು ಸುತ್ತಿದ ಕಬ್ಬಿನ ಪಾಠ

ನಿವೃತ್ತಿಯಾದ ಮೇಲೆ ನನಗೆ ಬರುವ ಫೋನುಗಳು ಎರಡೇ ಬಗೆಯವು. ಒಂದು, ಪಿಂಚಣಿ ಕಡತ ಎಲ್ಲಿಗೆ ಬಂತು ಎಂದು ಕೇಳುವ ಹಳೆಯ ಸಹೋದ್ಯೋಗಿಗಳದು. ಇನ್ನೊಂದು, ಈಗಷ್ಟೇ ನೌಕರಿಗೆ ಸೇರಿದ ಹುಡುಗಿಯರದು. ಅಕ್ಕೋರ, ಸಣ್ಣ ಮಕ್ಕಳಿಗೆ ಡಿಜಿಟಲ್ ಪಾಠ ಮಾಡೋದು ಹ್ಯಾಂಗ್ರಿ, ಯಾವ ಆ್ಯಪ್ ಚಲೋ ಎಂದು ಕೇಳುತ್ತಾರೆ. ಮೊದಲನೆಯವರಿಗೆ ನನ್ನ ಹತ್ತಿರ ಉತ್ತರವಿಲ್ಲ. ಎರಡನೆಯವರಿಗೆ ಉತ್ತರ ಹೇಳತೊಡಗಿದರೆ ಉದ್ದವಾಗುತ್ತದೆ, ಅಷ್ಟರಲ್ಲಿ ಅವರ ಬಸ್ಸು ಬಂದುಬಿಡುತ್ತದೆ. ಅದಕ್ಕೇ ಬರೆಯಲು ಕೂತೆ.

ಬಡ್ತಿ, ವರ್ಗಾವಣೆ, ಸನ್ಮಾನದ ಶಾಲು, ಇವುಗಳ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಾನು ಹೇಳುವುದು ಒಂದೇ ಒಂದು ಪಾಠದ ಬಗ್ಗೆ. ಕಬ್ಬಿನ ಗಳ ಹಿಡಿದು ಅರ್ಧ, ಕಾಲು ಕಲಿಸುವ ಪುಟ್ಟ ವಿಡಿಯೊ ಅದು. ಚಿಕ್ಕೋಡಿಯಲ್ಲಿ ಹುಟ್ಟಿ, ಕೈಯಿಂದ ಕೈಗೆ ದಾಟಿ, ಕಾಗವಾಡದ ಕಡೆಯ ಒಂದು ತೋಟದ ಶಾಲೆ ಮುಟ್ಟಿತು. ಅಲ್ಲಿ ಏಳು ವರ್ಷದ ಒಂದು ಹುಡುಗಿ ತಾಯಿಯ ಹತ್ತಿರ ಉಳಿಯುತ್ತಾಳೋ ಅಥವಾ ಗಡಿಯಾಚೆಯ ಮಾಮನ ಮನೆ ಸೇರುತ್ತಾಳೋ ಎಂಬುದು ತೂಗುಯ್ಯಾಲೆಯಲ್ಲಿತ್ತು. ಅದನ್ನು ಹೇಳುವ ಮೊದಲು ನಮ್ಮ ಕಾಲದ ಕಂಪ್ಯೂಟರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಇಲ್ಲದಿದ್ದರೆ ನಮ್ಮ ಪಾಡು ನಿಮಗೆ ಅರ್ಥವಾಗುವುದಿಲ್ಲ.

ನನ್ನ ತವರು ಪಾಲಬಾವಿ. ಮೊದಲ ನೌಕರಿಯೂ ರಾಯಬಾಗ ತಾಲೂಕಿನಲ್ಲೇ. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ವರ್ಷಕ್ಕೆ ನಮ್ಮ ಶಾಲೆಗೆ ಕಂಪ್ಯೂಟರ್ ಬಂತು. ಬಂದ ದಿನ ಕಾಯಿ ಒಡೆದೆವು, ಕುಂಕುಮ ಹಚ್ಚಿದೆವು, ಮಾನಿಟರಿಗೆ ಸೇವಂತಿಗೆ ಹಾರ ಹಾಕಿದೆವು. ಹೆಡ್ ಮಾಸ್ತರರು ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹೊದಿಸಿ, ಕೋಣೆಗೆ ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಧೂಳು ಬಿದ್ದರೆ ಮಷೀನು ಕೆಡುತ್ತದೆ ಎಂದು ಯಾರೋ ಅವರ ಕಿವಿ ಊದಿದ್ದರು. ನಮ್ಮ ಶಾಲೆಯಲ್ಲಿ ಮಕ್ಕಳಿಗಿಂತ ಹೆಚ್ಚು ಧೂಳಿರುವ ವಸ್ತು ಬೇರೆ ಇರಲಿಲ್ಲ. ಹೀಗಾಗಿ ಮಕ್ಕಳು ಬಹಳ ದಿನ ಕಿಟಕಿಯ ಸರಳು ಹಿಡಿದು ಹೊರಗಿನಿಂದಲೇ ದರ್ಶನ ಪಡೆದು ತೃಪ್ತರಾದರು. ನಾನು ಸಿಟ್ಟಿನ ಹೆಂಗಸು. ಒಂದು ದಿನ ಜಗಳ ಮಾಡಿ ಕೀಲಿ ಇಸಿದುಕೊಂಡೆ.

ಕೀಲಿ ಸಿಕ್ಕರೇನು, ಕರೆಂಟು ಬೇಕಲ್ಲ. ತೋಟಪಟ್ಟಿಯಲ್ಲಿ ಕರೆಂಟು ಬರುವುದು ಪಂಪ್‌ಸೆಟ್ಟಿನ ಸರದಿಗೆ. ಒಂದು ವಾರ ಮುಂಜಾನೆ, ಒಂದು ವಾರ ಮಧ್ಯಾಹ್ನ. ಪಕ್ಕದ ಬಾವಿಯ ಮೋಟಾರು ಗುಂಯ್ ಎಂದ ಕೂಡಲೇ ಮಕ್ಕಳು ಕೈಯಲ್ಲಿದ್ದ ಪುಸ್ತಕ ಮಡಚಿ ಕಂಪ್ಯೂಟರ್ ಕೋಣೆಗೆ ಓಡುತ್ತಿದ್ದರು. ನಮ್ಮ ಶಾಲೆಯ ವೇಳಾಪಟ್ಟಿಯನ್ನು ನಿಜವಾಗಿ ಬರೆಯುತ್ತಿದ್ದವನು ಲೈನ್‌ಮನ್.

ಆಗ ರಾಜಧಾನಿಯ ಕಡೆಯಿಂದ ಸಿ.ಡಿ.ಗಳು ಬರುತ್ತಿದ್ದವು. ಒಂದರಲ್ಲಿ 'ನಮ್ಮ ಮನೆ' ಎಂಬ ಪಾಠವಿತ್ತು. ಚೊಕ್ಕ ಮನೆ, ಮುಂದೆ ಹುಲ್ಲುಹಾಸು, ಒಂದು ಕೆಂಪು ಕಾರು. ನಮ್ಮ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಮುಗಿದ ಮೇಲೆ ಎರಡನೇ ಇಯತ್ತೆಯ, ಎಂದರೆ ಎರಡನೇ ತರಗತಿಯ, ಒಂದು ಹುಡುಗಿ ಎದ್ದು ನಿಂತು, ಅವರು ಎಮ್ಮಿ ಎಲ್ಲಿ ಕಟ್ಟತಾರ್ರಿ ಎಂದು ಕೇಳಿದಳು. ಮನೆ ಎಂದ ಮೇಲೆ ಎಮ್ಮೆ ಕಟ್ಟಲು ಜಾಗ ಬೇಡವೇ? ನಮ್ಮ ಪಾಠ ನಾವೇ ಮಾಡಬೇಕು ಎಂಬ ಹುಳ ಅಂದು ನನ್ನ ತಲೆ ಹೊಕ್ಕಿತು.

ಅದಕ್ಕೆ ಅವಕಾಶ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಚಿಕ್ಕೋಡಿಯ ಸಂಪನ್ಮೂಲ ಕೇಂದ್ರಕ್ಕೆ ಬಂದಾಗ. ಅಷ್ಟೊತ್ತಿಗೆ ಕಾಲ ಬದಲಾಗಿತ್ತು. ಮಾಸ್ತರರ ಕಿಸೆಯಲ್ಲಿ ಸ್ಮಾರ್ಟ್‌ಫೋನ್ ಬಂದಿತ್ತು, ಸಿ.ಡಿ. ಹೋಗಿ ಉಗುರಿನಷ್ಟು ಮೆಮೊರಿ ಕಾರ್ಡ್ ಬಂದಿತ್ತು. ನಮಗೆ ತರಬೇತಿ ಕೊಡಲು ಧಾರವಾಡದಿಂದ ಒಬ್ಬ ತೆಳ್ಳನೆಯ ತರುಣ ಬಂದಿದ್ದ. ನೀವು ಮಾಡುವ ಪಾಠಗಳೆಲ್ಲ ಮುಕ್ತ ಪಾಠಗಳು ಎಂದು ಬಿಡಿಸಿ ಹೇಳಿದ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ನಕಲು ಮಾಡಬಹುದು, ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಕತ್ತರಿಸಿ, ಸೇರಿಸಿ, ಬದಲಿಸಿ ಮತ್ತೆ ಹಂಚಬಹುದು. ಮೊದಲು ಮಾಡಿದವರ ಹೆಸರು ಕೊನೆಯಲ್ಲಿ ಇದ್ದರಾಯಿತು. ನಾವೆಲ್ಲ ಜೋರಾಗಿ ತಲೆ ಆಡಿಸಿ, ಅವನು ಕೊಟ್ಟ ಆ ಒಕ್ಕಣೆಯನ್ನು ಪ್ರತಿ ಪಾಠದ ಕೊನೆಗೆ ಹಾಗೇ ಬರೆದೆವು, ಕೇಂದ್ರದ ಸಾಹೇಬರೂ ಅದಕ್ಕೆ ಸಹಿ ಮಾಡಿದರು. ನನ್ನ ಕಿವಿಗೆ ಬಿದ್ದದ್ದು 'ಹಂಚಬಹುದು' ಎಂಬುದು ಮಾತ್ರ. 'ಬದಲಿಸಿ' ಎಂಬುದು ಕಿವಿಯ ಹತ್ತಿರ ಬಂದು ಹಾಗೇ ತಿರುಗಿ ಹೋಯಿತು.

ನನ್ನ ಪಾಲಿಗೆ ಭಿನ್ನರಾಶಿ ಬಂತು. ಮನೆಯಲ್ಲಿ ದುಂಡನೆಯ ಜೋಳದ ರೊಟ್ಟಿ ಬಡಿದು, ಕ್ಯಾಮೆರಾದ ಮುಂದೆ ಇಟ್ಟು, ಚಾಕುವಿನಿಂದ ನೆಟ್ಟಗೆ ನಾಲ್ಕು ಭಾಗ ಮಾಡಿದೆ. ಇದು ಕಾಲು, ಇದು ಅರ್ಧ, ಇದು ಮುಕ್ಕಾಲು. ನೋಡಲು ಬಹಳ ಚಂದ ಬಂದಿತ್ತು. ನಾಲ್ಕನೇ ಇಯತ್ತೆಗೆ ತೋರಿಸಿದೆ. ಮುಗಿದ ಮೇಲೆ ಒಂದು ಹುಡುಗಿ ಮೆಲ್ಲಗೆ ಕೇಳಿದಳು, "ಅಕ್ಕೋರ, ನಿಮ್ಮ ಮನ್ಯಾಗ ರೊಟ್ಟಿ ಚಾಕುಲೇ ಕೊಯ್ತೀರೇನ್ರಿ?" ಇಡೀ ವರ್ಗ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿತು. ರೊಟ್ಟಿಯನ್ನು ಮುರಿಯುವುದು ಗೊತ್ತು, ಹರಿಯುವುದು ಗೊತ್ತು, ಚಾಕು ಹಾಕಿ ಕೊಯ್ಯುವ ಮನೆ ಎಂಥದ್ದಿರಬಹುದು ಎಂಬ ಚಿಂತೆಯಲ್ಲಿ ಅವರಿಗೆ ಭಿನ್ನರಾಶಿ ಮರೆತೇ ಹೋಗಿತ್ತು. ಮನೆಗೆ ಬಂದು ಹೇಳಿದರೆ ನಮ್ಮ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ರೊಟ್ಟಿ ಬಿಟ್ಟು ಕಬ್ಬಿಗೆ ಬಂದೆ. ನಮ್ಮ ಸೀಮೆಯಲ್ಲಿ ಕಬ್ಬನ್ನು ಕೊಯ್ಯುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಒಂದು ಗಳ ತಂದು, ಅಳತೆಪಟ್ಟಿ ಹಿಡಿದು, ಸರಿಯಾಗಿ ನಡುವೆ ಕಡಿಸಿದೆ. ಮಕ್ಕಳೇ, ಎರಡೂ ಸಮ, ಇದೂ ಅರ್ಧ ಅದೂ ಅರ್ಧ, ನಿಮಗೆ ಯಾವುದು ಬೇಕು ಎಂದು ಕೇಳಿದೆ. ಒಂದೇ ಗಂಟಲಿನಲ್ಲಿ ಎಲ್ಲರೂ 'ಬುಡ' ಎಂದರು. ಬುಡ ಯಾಕೆ, ಎರಡೂ ಸಮ ಅಲ್ಲವೇ ಎಂದೆ. ಹಿಂದಿನ ಸಾಲಿನಿಂದ ಉತ್ತರ ಬಂತು: ಸಮ ಅಂದ ಮ್ಯಾಲ ತುದಿ ನೀವ ತಿನ್ರಿ.

ಕಬ್ಬಿನ ಸೀಮೆಯಲ್ಲಿ ಹುಟ್ಟಿ ಬೆಳೆದು ನನಗೆ ಇದು ಹೊಳೆದಿರಲಿಲ್ಲ. ಬುಡದ ಗಣಿಕೆ ಸಕ್ಕರೆ, ತುದಿಯದು ಸಪ್ಪೆ. ಅಳತೆಪಟ್ಟಿಗೆ ಸಮ, ನಾಲಿಗೆಗೆ ಸಮ ಅಲ್ಲ. ಅಂದು ಆ ಮಕ್ಕಳ ಜೊತೆ ನಾನೂ ಮನಸಾರೆ ನಕ್ಕೆ. ಅವರ ತಕರಾರನ್ನೇ ಪಾಠದೊಳಗೆ ಸೇರಿಸಿದೆ. ಯಾವ ಅರ್ಧ ನ್ಯಾಯದ್ದು ಎಂಬ ಪ್ರಶ್ನೆ ಕೇಳಿ, ಆಮೇಲೆ ಕಬ್ಬಿನ ಹಾಲಿನ ಅಂಗಡಿಗೆ ಹೋಗಿ, ಇಡೀ ಗಳ ಗಾಣಕ್ಕೆ ಕೊಟ್ಟು, ಹಾಲನ್ನು ಎರಡು ಗ್ಲಾಸಿಗೆ ಸಮ ಸುರಿದು ತೋರಿಸಿದೆ. ಈಗ ಯಾರ ತಕರಾರೂ ಇರಲಿಲ್ಲ. ಅರ್ಧ ಎಂದರೆ ಯಾವುದರ ಅರ್ಧ ಎಂದು ಮೊದಲು ಕೇಳಬೇಕು ಎನ್ನುವುದನ್ನು ಯಾವ ತರಬೇತಿಯಲ್ಲೂ ನನಗೆ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ಧ್ವನಿ ನನ್ನದೇ. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಬೆವರು ಸುರಿಸುತ್ತ ಮಲಗುವ ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದು. ಹೆತ್ತ ಕೂಸಿನಷ್ಟು ಹೆಮ್ಮೆಯಿತ್ತು. ಅದನ್ನು ಕಾರ್ಡಿಗೆ ಹಾಕಿಕೊಂಡು ಶಾಲೆಯಿಂದ ಶಾಲೆಗೆ ತಿರುಗತೊಡಗಿದೆ.

ಹಾಗೆ ಸಂಕ್ರಾಂತಿ ಕಳೆದ ಮೇಲೆ ಕಾಗವಾಡದ ಕಡೆ ಹೊರಟೆ. ಆಗ ಕಾಗವಾಡ ಇನ್ನೂ ಅಥಣಿ ತಾಲೂಕಿನಲ್ಲಿತ್ತು, ನಿಪ್ಪಾಣಿ ಚಿಕ್ಕೋಡಿಯಲ್ಲಿ. ಅಂದು ಅಮಾವಾಸ್ಯೆ. ಮಂಗಸೂಳಿಯ ಮಲ್ಲಯ್ಯ ದೇವರಿಗೆ ಹೋಗಿ ಬರುವವರು ಬಸ್ಸು ತುಂಬಿದ್ದರು. ಅವರ ಮೈಮೇಲಿನ ಭಂಡಾರದ ಅರಿಶಿನ ನನ್ನ ಲ್ಯಾಪ್‌ಟಾಪ್ ಚೀಲಕ್ಕೂ ಹತ್ತಿ, ನಾನು ಶಾಲೆ ಮುಟ್ಟುವಾಗ ಅರ್ಧ ಹಳದಿಯಾಗಿದ್ದೆ.

ದ್ರಾಕ್ಷಿ ತೋಟಗಳ ನಡುವೆ ಒಂದೇ ದೊಡ್ಡ ಕೋಣೆಯ ಶಾಲೆ. ಐದೂ ಇಯತ್ತೆಯ ಮಕ್ಕಳು ಒಟ್ಟಿಗೇ. ಶಿಕ್ಷಕಿ ವೀಣಾ, ಚಿತ್ರದುರ್ಗದ ಕಡೆಯವಳು, ನೌಕರಿಗೆ ಹೊಸಬಳು, ಒಳ್ಳೆಯ ಮನಸ್ಸಿನ ಹುಡುಗಿ. ಕಬ್ಬಿನ ಪಾಠ ಹಾಕಿದೆ. ಮಕ್ಕಳು ಬುಡ ಬುಡ ಎಂದು ಸೂರು ಹಾರುವಂತೆ ಕೂಗಿದರು. ಒಬ್ಬಳು ಮಾತ್ರ ಮೂಲೆಯಲ್ಲಿ ಮೊಣಕಾಲಿಗೆ ಗದ್ದ ಹಚ್ಚಿ ಸುಮ್ಮನೆ ಕೂತಿದ್ದಳು. ಹೆಸರು ಸಾನಿಕಾ, ಎರಡನೇ ಇಯತ್ತೆ.

ವೀಣಾ ನನ್ನನ್ನು ಹೊರಗೆ ಕರೆದು ಹೇಳಿದಳು. ಹುಡುಗಿ ಶಾಲೆಗೆ ಸೇರಿದಾಗಿನಿಂದ ಒಂದು ಮಾತೂ ಆಡಿಲ್ಲ. ಹೆಸರು ಕೂಗಿದರೆ ಕೈ ಎತ್ತುತ್ತಾಳೆ, ಅಷ್ಟೇ. ಕಿವಿ ಕೇಳುವುದಿಲ್ಲವೇನೋ ಎಂದು ಡಾಕ್ಟರರ ಹತ್ತಿರವೂ ತೋರಿಸಿದ್ದಾಯಿತು, ಕಿವಿ ಚೆನ್ನಾಗಿದೆ. ಮನೆಯಲ್ಲಿ ಮರಾಠಿ, ತನಗೆ ಮರಾಠಿಯ ಗಂಧವಿಲ್ಲ ಎಂದು ಹೇಳುವಾಗ ವೀಣಾಳ ಕಣ್ಣು ತುಂಬಿತು. ಉಳಿದ ಮಕ್ಕಳು ಎರಡೂ ಭಾಷೆ ಬಲ್ಲವರು, ಆದರೆ ಅವರು ಮಾತಾಡಿಸಿದರೂ ಈಕೆ ಶಾಲೆಯ ಹೊಸ್ತಿಲು ದಾಟಿದರೆ ತುಟಿ ತೆರೆಯಳು.

ಶಾಲೆ ಬಿಟ್ಟ ಮೇಲೆ ಇಬ್ಬರೂ ಆಕೆಯ ತಾಯಿಯನ್ನು ನೋಡಲು ಹೋದೆವು. ಸುನಂದಾ ಗಂಡನ ಜೊತೆ ಮಿರಜದ ಕಡೆಯಿಂದ ಬಂದವಳು. ಗಂಡ ದ್ರಾಕ್ಷಿ ತೋಟದಲ್ಲಿ ಸಂಬಳದಾಳು, ಈಕೆ ಅಲ್ಲೇ ಬೇದಾಣಾ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುತ್ತಾಳೆ. ಮನೆಯಲ್ಲಿ ಬುದ್ಧನ ಚಿತ್ರದ ಕೆಳಗೆ ಸಾನಿಕಾಳ ಪಾಟಿಚೀಲ ತೂಗುತ್ತಿತ್ತು. ನನ್ನ ಮರಾಠಿ ಎಂಥದ್ದೆಂದರೆ, ನಾನು ಮರಾಠಿಯಲ್ಲಿ ಚಹಾ ಕೇಳಿದರೆ ನಿಪ್ಪಾಣಿಯ ಹೋಟೆಲಿನವರು ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ಹೇಗೋ ಮಾತು ಸಾಗಿತು. ಸುನಂದಾ ಹೇಳಿದಳು, "ಘರೀ ಪೋಪಟ, ಶಾಳೇತ ಮುಕೀ." ಮನೆಯಲ್ಲಿ ಗಿಣಿ, ಶಾಲೆಯಲ್ಲಿ ಮೂಗಿ. ಯುಗಾದಿ ಪಾಡ್ಯಕ್ಕೆ ತನ್ನ ತಮ್ಮ ಬಂದು ಆಕೆಯನ್ನು ಕರೆದುಕೊಂಡು ಹೋಗುತ್ತಾನೆ, ಅಲ್ಲಿ ಮರಾಠಿ ಶಾಲೆ ಇದೆ ಎಂದಳು. ಅಷ್ಟು ಸಣ್ಣ ಮಗುವನ್ನು ಬಿಟ್ಟು ಇರುತ್ತೀಯಾ ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ. ಆಕೆ ಸೆರಗಿನ ತುದಿ ಹಿಂಡುತ್ತ, ಮನಸ್ಸು ಒಪ್ಪುವುದಿಲ್ಲ, ಆದರೆ ಹುಡುಗಿ ಮೂಗಿಯಾಗಿ ಬೆಳೆಯುವುದನ್ನು ನೋಡಿಕೊಂಡು ಕೂರಲೇ ಎಂದಳು. ಬಾಗಿಲ ಮರೆಯಲ್ಲಿ ನಿಂತಿದ್ದ ಸಾನಿಕಾ ಓಡಿ ಬಂದು ತಾಯಿಯ ಸೀರೆಯಲ್ಲಿ ಮುಖ ಹುದುಗಿಸಿದಳು. ಯುಗಾದಿ ದೂರವಿರಲಿಲ್ಲ.

ಚಿಕ್ಕೋಡಿಗೆ ಬಂದರೆ ಅಲ್ಲಿ ಬೇರೆಯೇ ಸುದ್ದಿ. ನನ್ನ ಪಾಠವನ್ನು ಜನ ಬದಲಿಸತೊಡಗಿದ್ದರು. ಅಥಣಿಯ ಒಬ್ಬ ಮಾಸ್ತರರು ಕಬ್ಬನ್ನೇ ತೆಗೆದುಹಾಕಿ ದ್ರಾಕ್ಷಿ ಗೊಂಚಲು ಇಟ್ಟಿದ್ದರು. ಹಿಂದೆ ಅವರ ತೋಟ, ತೋಟದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಸ್ವತಃ ಅವರು. ಅದನ್ನಾದರೂ ತಡೆದುಕೊಂಡೆ. ನಿಪ್ಪಾಣಿಯ ಬಾಬು ಸರ್ ಮಾಡಿದ್ದನ್ನು ಕೇಳಿದಾಗ ನನ್ನ ಸಿಟ್ಟು ನೆತ್ತಿಗೇರಿತು. ಅವರು ನನ್ನ ಧ್ವನಿಯನ್ನೇ ಅಳಿಸಿ, ತಮ್ಮ ಧ್ವನಿಯಲ್ಲಿ ಇಡೀ ಪಾಠವನ್ನು ಮರಾಠಿಗೆ ತಿರುಗಿಸಿದ್ದರು. ಅಷ್ಟು ಬೆವರು ಸುರಿಸಿ ಮಾಡಿದ ಧ್ವನಿ! ಮರುದಿನವೇ ನಿಪ್ಪಾಣಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನು ಅನ್ನಬೇಕು ಎಂದು ಸಾಲಾಗಿ ಜೋಡಿಸಿಕೊಂಡೆ.

ಬಾಬು ಸರ್ ನನ್ನ ಓರಗೆಯವರು, ದಪ್ಪ ಮೀಸೆ, ಮೆದು ಮಾತು. ನಾನು ಕೂಗಾಡುವಷ್ಟು ಕೂಗಾಡಿ ಮುಗಿಸುವವರೆಗೆ ಕಾದು, ಒಂದು ಗ್ಲಾಸು ನೀರು ಕೊಟ್ಟರು. ಆಮೇಲೆ ಹೇಳಿದರು, "ಬದಲ್ ಮಾಡ್ರಿ ಅಂತ ನೀವ ಬರದೀರಲ್ರಿ ಅಕ್ಕೋರ, ಕಡೀಕ ನಿಮ್ಮ ಹೆಸರೂ ಹಾಕೇನಿ." ನಿಜ, ಹಾಕಿದ್ದರು. ನನ್ನ ಹೆಸರಿನ ಮುಂದೆ 'ಶ್ರೀಮತಿ' ಎಂದು ಗೌರವವನ್ನೂ ಸೇರಿಸಿದ್ದರು. ಇಂಥ ಮನುಷ್ಯನ ಜೊತೆ ಜಗಳ ಮುಂದುವರಿಸುವುದು ಹೇಗೆ?

ಬಂದವರು ಒಮ್ಮೆ ನೋಡಿ ಹೋಗಿ ಎಂದು ತಮ್ಮ ವರ್ಗಕ್ಕೆ ಕರೆದುಕೊಂಡು ಹೋಗಿ, ಮಕ್ಕಳ ಮುಂದೆ ಪಾಠ ಹಾಕಿದರು. ಅವರ ರೆಕಾರ್ಡಿಂಗ್ ಶಾಲೆಯ ಪಡಸಾಲೆಯಲ್ಲಿ ನಡೆದದ್ದು. ನಿಮಗೆ ಯಾವ ಅರ್ಧ ಬೇಕು ಎಂದು ಮರಾಠಿಯಲ್ಲಿ ಕೇಳಿದ್ದಾರೆ, ಅಷ್ಟರಲ್ಲಿ ಒಂದು ನಾಯಿ ಒಳಗೆ ಬಂದಿದೆ. ಸರ್ ಮಾತು ನಿಲ್ಲಿಸಿದ್ದಾರೆ. ಬಹಳ ಹೊತ್ತು ಬರೀ ಮೌನ, ನಡುವೆ ದೂರದಿಂದ 'ಹಾಡ್, ಹಾಡ್' ಎಂದು ಓಡಿಸುವ ಸದ್ದು, ಮತ್ತೆ ಮೌನ. ಅದನ್ನು ಕತ್ತರಿಸಲು ಅವರಿಗೆ ಬಂದಿರಲಿಲ್ಲ. ಆ ಮೌನದಲ್ಲಿ ವರ್ಗದ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ವಾದಿಸುತ್ತಿದ್ದರು. ನನಗೆ ಆಗ ಹೊಳೆಯಿತು. ನನ್ನ ಪಾಠದಲ್ಲಿ ಪ್ರಶ್ನೆ ಕೇಳಿ, ಉಸಿರು ತೆಗೆದುಕೊಳ್ಳದೆ ನಾನೇ ಉತ್ತರ ಹೇಳಿಬಿಟ್ಟಿದ್ದೆ. ಶಿಕ್ಷಕರಿಗೆ ಇರುವ ದೊಡ್ಡ ರೋಗ ಇದು, ಹೊಸಬರು ನೆನಪಿಡಿ. ಪ್ರಶ್ನೆಯಾದ ಮೇಲೆ ಬಾಯಿ ಮುಚ್ಚಿಕೊಂಡಿರುವುದನ್ನು ನಮಗೆ ಕಲಿಸಲು ಒಂದು ನಾಯಿ ಬರಬೇಕಾಯಿತು.

ಆ ಮೌನದಲ್ಲೇ ನನಗೆ ಸಾನಿಕಾ ನೆನಪಾದಳು. ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ಮರೆತು, ಸರ್, ಇದರ ನಕಲು ನನಗೆ ಈಗಲೇ ಬೇಕು ಎಂದೆ. ಬಾಬು ಸರ್ ಮೀಸೆಯಲ್ಲೇ ನಕ್ಕು, ತಮ್ಮ ಫೋನಿನ ಕಾರ್ಡನ್ನೇ ತೆಗೆದು ಕೊಟ್ಟರು.

ನಡುವೆ ಒಂದು ವಿಘ್ನವಿತ್ತು. ಆಗಿನ ನಮ್ಮ ಸಾಹೇಬರು ಕೆಟ್ಟವರಲ್ಲ, ಭಾಷಣ ಪ್ರಿಯರು. ಕೇಂದ್ರದಿಂದ ಹೊರಡುವ ಪ್ರತಿ ಪಾಠದ ಮೊದಲಿಗೆ ತಮ್ಮ ಶುಭಸಂದೇಶ ಇರಲೇಬೇಕು ಎಂದು ಆಜ್ಞೆ ಮಾಡಿದ್ದರು. ಸಂದೇಶ ಎಂದರೆ ಪಾಠಕ್ಕಿಂತ ಉದ್ದ. ಟೈ ಕಟ್ಟಿಕೊಂಡು, ಗ್ಲೋಬಿನ ಮೇಲೆ ಕೈ ಇಟ್ಟುಕೊಂಡು ಮಾತಾಡಿದ್ದರು. ಅದನ್ನು ಹಚ್ಚದೆ ಕಾರ್ಡು ಹೊರಗೆ ಬಿಡುವಂತಿರಲಿಲ್ಲ, ಹಚ್ಚಿ ಕೊಟ್ಟೆ. ಕಾಗವಾಡದ ಶಾಲೆ ಮುಟ್ಟಿದ ಕೂಡಲೇ ಆ ಸಂದೇಶ ಮಾಯವಾಯಿತು. ವೀಣಾ ಬೆರಳಿನಿಂದ ಒಂದು ಸಲ ಸರಿಸಿ ಕತ್ತರಿಸಿದಳು, ಸಾಹೇಬರು ಗ್ಲೋಬಿನ ಸಮೇತ ಹೊರಟು ಹೋದರು. ಮುಂದೊಂದು ದಿನ ಅವರು ಒಂದು ಶಾಲೆಗೆ ಭೇಟಿ ಕೊಟ್ಟು, ಪಾಠದಲ್ಲಿ ನನ್ನ ಸಂದೇಶವೆಲ್ಲಿ ಎಂದು ನನ್ನನ್ನೇ ಕೇಳಿದರು. ಸರ್, ಇದು ಮುಕ್ತ ಪಾಠ, ಬದಲಿಸುವ ಹಕ್ಕು ಎಲ್ಲರಿಗೂ ಇದೆ, ನೀವೇ ಸಹಿ ಮಾಡಿದ್ದೀರಿ ಎಂದೆ. ಅವರು ನನ್ನ ಮುಖ ನೋಡಿ, ಆಮೇಲೆ ನಕ್ಕುಬಿಟ್ಟರು. ಸಿಟ್ಟಿಗೇಳಬಹುದಾಗಿದ್ದ ಕಡೆ ನಕ್ಕವರು, ಅದಕ್ಕೇ ಅವರ ಮೇಲೆ ನನಗೆ ಇವತ್ತಿಗೂ ಪ್ರೀತಿ.

ಬಾಬು ಸರ್ ಪಾಠವನ್ನು ವೀಣಾ ಹಾಕಿದ ದಿನ ನಾನೂ ಅಲ್ಲಿದ್ದೆ. ಮರಾಠಿ ಕೇಳಿದ ಕೂಡಲೇ ಮೂಲೆಯಲ್ಲಿದ್ದ ಸಾನಿಕಾ ಗದ್ದ ಎತ್ತಿದಳು. ಕುಂಡೆಯ ಮೇಲೆ ಜರುಗುತ್ತ ಜರುಗುತ್ತ ಮುಂದಿನ ಸಾಲಿಗೆ ಬಂದಳು. ವೀಣಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಪ್ರಶ್ನೆ ಬಂತು. ಯಾವ ಅರ್ಧ ಬೇಕು? ನಾಯಿಯ ಮೌನ ಶುರುವಾಯಿತು. ಮಕ್ಕಳು ಎಂದಿನಂತೆ ಬುಡ ಬುಡ ಎಂದು ಕೂಗಿ ದಣಿದರು. ಮೌನ ಇನ್ನೂ ಮುಗಿದಿರಲಿಲ್ಲ. ಆಗ ಒಂದು ಸಣ್ಣ ಸ್ವರ, ಆದರೆ ಖಚಿತವಾಗಿ, "ಶೆಂಡಾ" ಎಂದಿತು.

ವೀಣಾಗೆ ಅರ್ಥವಾಗಲಿಲ್ಲ. ತುದಿ ಅಂತಾಳ್ರೀ ಅಕ್ಕೋರ ಎಂದು ನಾಲ್ಕು ಬಾಯಿ ಒಟ್ಟಿಗೇ ಹೇಳಿದವು. ಎಲ್ಲರೂ ತಿರುಗಿ ಸಾನಿಕಾಳನ್ನು ನೋಡಿದರು. ಆಕೆ ಮಾತಾಡಿದಳು ಎಂಬುದಕ್ಕಿಂತ ತುದಿ ಕೇಳಿದಳು ಎಂಬುದೇ ಅವರಿಗೆ ದೊಡ್ಡ ಆಶ್ಚರ್ಯ. ತುದಿ ಸಪ್ಪೆ, ದನಕ್ಕೆ ಹಾಕುವುದು, ಅದು ಯಾಕೆ ಎಂದು ಕೇಳಿದರು. ಸಾನಿಕಾ ಎದ್ದು ನಿಂತು ಬಾಯಿ ಅಗಲಿಸಿ ತೋರಿಸಿದಳು. ಮುಂದಿನ ಹಲ್ಲು ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ಬುಡದ ಗಣಿಕೆ ಕಲ್ಲಿನಂತಿರುತ್ತದೆ, ತುದಿ ಮೆತ್ತಗೆ. ಹಲ್ಲು ಬರುವವರೆಗೆ ಆಕೆಗೆ ತುದಿಯೇ ಸಿಹಿ.

ಆ ಕೋಣೆಯಲ್ಲಿ ಆಗ ಎದ್ದ ನಗು ನನ್ನ ಇಡೀ ನೌಕರಿಯಲ್ಲಿ ಕೇಳಿದ ಎಲ್ಲ ಸದ್ದಿಗಿಂತ ಚಂದದ್ದು. ಸಾನಿಕಾ ಬೊಚ್ಚು ಬಾಯಿ ತೆರೆದುಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕಳು. ಉಳಿದ ಬೊಚ್ಚು ಬಾಯಿಯವರೂ ತಮ್ಮ ಬಾಯಿ ತೆರೆದು ತೋರಿಸಿದರು, ತುದಿಯ ಪಕ್ಷಕ್ಕೆ ಇನ್ನೂ ಮೂರು ನಾಲ್ಕು ಜನ ಸೇರಿದರು. ವೀಣಾ ಅಳುತ್ತಿದ್ದಳೋ ನಗುತ್ತಿದ್ದಳೋ ಆಕೆಗೇ ತಿಳಿದಿರಲಿಲ್ಲ. ನನ್ನದೂ ಅದೇ ಸ್ಥಿತಿ.

ಅಂದಿನಿಂದ ಆ ಹುಡುಗಿಯ ಬಾಯಿಗೆ ಬೀಗವೇ ಇರಲಿಲ್ಲ. ವೀಣಾ ಒಂದು ಒಪ್ಪಂದ ಮಾಡಿಕೊಂಡಳು. ನೀನು ನನಗೆ ಒಂದು ಮರಾಠಿ ಮಾತು ಕಲಿಸು, ನಾನು ನಿನಗೆ ಒಂದು ಕನ್ನಡ ಮಾತು ಕಲಿಸುತ್ತೇನೆ. ಸಾನಿಕಾ ಬಹಳ ಕಟ್ಟುನಿಟ್ಟಿನ ಮಾಸ್ತರಿಣಿ. ತಪ್ಪಿದರೆ ಮತ್ತೆ ಹೇಳಿಸುತ್ತಿದ್ದಳು, ಸರಿಯಾದರೆ ಬೆನ್ನು ತಟ್ಟುತ್ತಿದ್ದಳು. ಸ್ವಲ್ಪ ದಿನಕ್ಕೆ ಕಬ್ಬಿನ ಪಾಠವನ್ನು ಆಕೆಯೇ ಹೇಳಿದಳು, ಶುರು ಮರಾಠಿಯಲ್ಲಿ, ಕೊನೆ ಮುಟ್ಟುವಷ್ಟರಲ್ಲಿ ಮುಕ್ಕಾಲು ಕನ್ನಡದಲ್ಲಿ. ವೀಣಾ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನಿಪ್ಪಾಣಿಗೆ, ಅಥಣಿಗೆ, ರಾಯಬಾಗಕ್ಕೆ ಎಲ್ಲ ಕಳಿಸಿದಳು. ಯಾವ ಶಾಲೆಗೆ ಹೋದರೂ ಮಕ್ಕಳು ಅದನ್ನೇ ಹಾಕ್ರಿ ಎನ್ನುತ್ತಿದ್ದರು, ನನ್ನದನ್ನು ಯಾರೂ ಕೇಳುತ್ತಿರಲಿಲ್ಲ.

ಬೇದಾಣಾ ಶೆಡ್ಡಿಗೆ ಹೋಗಿ ಸುನಂದಾಗೆ ಕೇಳಿಸ್ರಿ ಎಂದು ವೀಣಾಗೆ ಹೇಳಿದ್ದೆ. ಆಕೆ ಕೇಳಿಸಿ ಬಂದು ಫೋನ್ ಮಾಡಿದಳು. ದ್ರಾಕ್ಷಿ ಆರಿಸುತ್ತಿದ್ದ ಸುನಂದಾಳ ಕೈ ನಿಂತಿತಂತೆ. ಮತ್ತೆ ಹಾಕು, ಮತ್ತೆ ಹಾಕು ಎಂದು ಕೇಳಿದಳಂತೆ. ಆದರೆ ಕೊನೆಗೆ, ತಮ್ಮ ಅಲ್ಲಿ ಶಾಲೆಯಲ್ಲಿ ಮಾತಾಡಿ ಬಂದಿದ್ದಾನೆ, ಅವನ ಹೆಂಡತಿ ಹಾಸಿಗೆ ಹೊಲಿದು ಇಟ್ಟಿದ್ದಾಳೆ, ಈಗ ಬೇಡ ಎನ್ನಲು ಬಾಯಿ ಬರುವುದಿಲ್ಲ ಎಂದಳಂತೆ. ಹಿರಿಯ ಅಕ್ಕನಾಗಿ ಕೊಟ್ಟ ಮಾತು, ತಿರುಗಿಸುವುದು ಸುಲಭವಲ್ಲ.

ಪಾಡ್ಯದ ದಿನ ಶಾಲೆಗೆ ರಜೆ. ವೀಣಾ ಊರಿಗೆ ಹೋಗದೆ ಉಳಿದಿದ್ದಳು, ಬರ್ರಿ ಅಕ್ಕೋರ ಎಂದು ನನ್ನನ್ನೂ ಕರೆಸಿಕೊಂಡಿದ್ದಳು. ನಾವು ಹೋದಾಗ ಮಾಮಾನ ಮೋಟಾರ್ ಸೈಕಲ್ಲು ಬೇವಿನ ಗಿಡದ ಕೆಳಗೆ ನಿಂತಿತ್ತು. ಹಿಂದಿನ ಸೀಟಿನ ಮೇಲೆ ಮಗುವಿಗೆ ಚುಚ್ಚದಿರಲಿ ಎಂದು ಒಂದು ಮೆತ್ತನೆಯ ದಿಂಬು ಕಟ್ಟಿಕೊಂಡು ಬಂದಿದ್ದ. ಒಳ್ಳೆಯ ಮನುಷ್ಯ, ಅದೇ ಕಷ್ಟ. ಕೆಟ್ಟವನಾಗಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ. ಸುನಂದಾ ನಮಗೆ ಹೋಳಿಗೆ ಬಡಿಸಿದಳು, ಆಕೆಯ ಕಣ್ಣು ಕೆಂಪಾಗಿತ್ತು. ಸಾನಿಕಾಳ ಬಟ್ಟೆಯ ಗಂಟು ಬಾಗಿಲ ಹತ್ತಿರ ಸಿದ್ಧವಾಗಿತ್ತು.

ಊಟವಾಯಿತು. ಮಾಮಾ ಕೈ ಒರೆಸಿಕೊಂಡು ಸಾನಿಕಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೋಗೋಣವೇ ಎಂದು ಮರಾಠಿಯಲ್ಲಿ ಕೇಳಿದ. ಸಾನಿಕಾ ತಾಯಿಯ ಕಡೆ ನೋಡಲಿಲ್ಲ, ನಮ್ಮ ಕಡೆಯೂ ನೋಡಲಿಲ್ಲ. ಮಾಮಾನ ಮುಖವನ್ನೇ ನೋಡಿ, ಶಾಲೆಯಲ್ಲಿ ಉತ್ತರ ಹೇಳುವ ಧಾಟಿಯಲ್ಲಿ, ನಿಧಾನವಾಗಿ, ಪೂರಾ ಕನ್ನಡದಲ್ಲಿ ಹೇಳಿದಳು.

"ನಾ ಬರಂಗಿಲ್ಲ ಮಾಮಾ. ನಮ್ಮ ಅಕ್ಕೋರಿಗೆ ಇನ್ನೂ ಮರಾಠಿ ಸರಿ ಬರಂಗಿಲ್ಲ. ನಾ ಹ್ವಾದ್ರ ಅವರಿಗೆ ಯಾರ ಹೇಳಿಕೊಡತಾರ?"

ಮಾಮಾನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಏನು ಹೇಳುತ್ತಾಳೆ ಈಕೆ ಎಂದು ಅಕ್ಕನನ್ನು ಕೇಳಿದ. ಸುನಂದಾಗೂ ಅರ್ಧವೇ ಅರ್ಥವಾಗಿತ್ತು. ಆಕೆ ಸೆರಗು ಬಾಯಿಗೆ ಹಚ್ಚಿಕೊಂಡು ವೀಣಾಳ ಕಡೆ ನೋಡಿದಳು. ವೀಣಾ ಎದ್ದು ನಿಂತಳು. ಮುಖ ಕೆಂಪಾಯಿತು, ಬೆವರಿತು. "ತೀ... ತೀ..." ಎಂದು ಎರಡು ಸಲ ಶುರು ಮಾಡಿ ಅಲ್ಲೇ ಸಿಕ್ಕಿಕೊಂಡಳು.

ಸಾನಿಕಾ ಮಾಮಾನ ತೊಡೆಯಿಂದ ಇಳಿದು ಹೋಗಿ ಆಕೆಯ ಪಕ್ಕ ನಿಂತಳು.

"ಹೇಳ್ರಿ ಅಕ್ಕೋರ, ಹೆದರಬ್ಯಾಡ್ರಿ."

"ತೀ ಯೇಣಾರ ನಾಹೀ," ಎಂದಳು ವೀಣಾ. ಆಕೆ ಬರುವುದಿಲ್ಲ.

ಸಾನಿಕಾ ಆಕೆಯ ಬೆನ್ನು ತಟ್ಟಿದಳು, ಎತ್ತರಕ್ಕೆ ಕೈ ಎಟುಕದೆ ಸೊಂಟದ ಹತ್ತಿರ. ಮಾಮಾ ಒಮ್ಮೆ ಆ ದೊಡ್ಡ ವಿದ್ಯಾರ್ಥಿನಿಯನ್ನು ನೋಡಿದ, ಒಮ್ಮೆ ಸಣ್ಣ ಮಾಸ್ತರಿಣಿಯನ್ನು ನೋಡಿದ. ಆಮೇಲೆ ಎದ್ದು ಹೊರಗೆ ಹೋಗಿ, ಗಾಡಿಗೆ ಕಟ್ಟಿದ್ದ ದಿಂಬು ಬಿಚ್ಚಿ ತಂದು ಅಕ್ಕನ ಕೈಗೆ ಕೊಟ್ಟ.